ಹದಿನೈದು ಶಾಲು, ಒಂದು ಹಾಡು

ಗಂಗಾವತಿಯಂಥ ಪೇಟೆಯಲ್ಲಿ ಒಂದು ಸಭಾಂಗಣ ಹಿಡಿದು, ಮೈಕು, ಸ್ಪೀಕರು, ನೂರು ಕುರ್ಚಿ, ಬ್ಯಾನರು, ಫೋಟೊ, ಕುಡಿಯುವ ನೀರು ಎಲ್ಲವನ್ನೂ ಹೊಂದಿಸಿ ಮೂರು ತಾಸಿನ ರಾಕ್ ಸಂಗೀತದ ಕಾರ್ಯಕ್ರಮ ಮಾಡಲು ನನಗೆ ಬಿದ್ದ ಖರ್ಚು ಮೂರು ಸಾವಿರದ ನಲವತ್ತು ರೂಪಾಯಿ. ನೀವು ನಂಬಲಿಕ್ಕಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಇದರಲ್ಲಿ ಸಾವಿರದ ಐದುನೂರಾ ನಲವತ್ತು ಶಾಲುಗಳಿಗೆ, ಆರುನೂರು ಹೂವಿನ ಹಾರಗಳಿಗೆ, ಒಂಬೈನೂರು ಕುಷ್ಟಗಿಯಿಂದ ವಾದ್ಯ ಸಾಗಿಸಿದ ಗಾಡಿಯ ಡೀಸೆಲ್ಲಿಗೆ. ಸಂಗೀತಕ್ಕೆ ಎಷ್ಟಾಯಿತು ಎಂದು ಕೇಳಿದರೆ ಸೊನ್ನೆ. ಈ ಸೊನ್ನೆಯನ್ನು ನಾನು ಹದಿನೈದು ದಿನ ಊರೆಲ್ಲ ಹೇಳಿಕೊಂಡು ತಿರುಗಿದೆ. ಈಗ ಅದನ್ನು ನೆನೆದರೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಉರಿ ಒಳಗೇ ಇಟ್ಟುಕೊಂಡರೆ ಬಿಪಿ ಏರುತ್ತದೆ ಎಂದು ನಮ್ಮ ತಂಡದ ಗಾಯಕಿ, ವೃತ್ತಿಯಲ್ಲಿ ನರ್ಸ್ ಆಗಿರುವ ಸುಮಂಗಲಾ ಅವರು ಎಚ್ಚರಿಸಿದ್ದಾರೆ. ಅದಕ್ಕೇ ನಿಮ್ಮ ಮುಂದೆ ಕಾರಿಕೊಳ್ಳುತ್ತಿದ್ದೇನೆ.

ಮೊದಲು ನನ್ನ ಗುಣ ಹೇಳಿಬಿಡುವುದು ಒಳ್ಳೆಯದು. ನಾನು ಕುಷ್ಟಗಿಯಲ್ಲಿ ಪೈಪಿನ ಅಂಗಡಿ ಇಟ್ಟವನು. ದಾಳಿಂಬೆ ತೋಟದವರಿಗೆ ಹನಿ ನೀರಾವರಿಯ ಸಾಮಾನು, ಬೋರಿನವರಿಗೆ ಪೈಪು, ಮನೆ ಕಟ್ಟುವವರಿಗೆ ನಲ್ಲಿ. ಇವತ್ತು ಅಂಗಡಿಗೆ ಎರಡು ಶಟರ್ ಇವೆ. ಆದರೆ ನಾನು ಶುರು ಮಾಡಿದ್ದು ಒಂದು ಹಳೆಯ ಸೈಕಲ್ಲಿನಿಂದ. ಅದಕ್ಕೆ ಉದ್ದುದ್ದ ಪೈಪು ಕಟ್ಟಿಕೊಂಡು ತಾವರಗೇರಾ, ಹನುಮಸಾಗರ ಅಂತ ತುಳಿದು ಮಾರಿದ್ದೇನೆ. ಎದುರಿಗೆ ಬಂದ ಎತ್ತು, ಎಮ್ಮೆ, ಬಸ್ಸು ಎಲ್ಲಕ್ಕೂ ತಿವಿದಿದ್ದೇನೆ. ಆ ಬಿಸಿಲಿನಲ್ಲಿ ಕಲಿತ ಪಾಠ ಒಂದೇ: ಯಾವ ವಸ್ತುವಿಗೂ ಬೆಲೆ ಎಂಬುದು ಇಲ್ಲ, ಇರುವುದು ಮಾರುವವನ ಮೊದಲ ಮಾತು ಮಾತ್ರ. ಎರಡನೆಯ ಮಾತು ನನ್ನದು. ನನ್ನ ಹೆಂಡತಿ ನೆಂಟರ ಎದುರಿಗೇ ಹೇಳುತ್ತಾಳೆ, “ನಮ್ಮನ್ಯಾವ್ರು ದೇವರಿಗೆ ಹರಕಿ ಹೊರೂದಿಲ್ರಿ, ಚೌಕಾಸಿ ಮಾಡ್ತಾರ. ಐದು ಕಾಯಿ ಅಂತ ಶುರು ಮಾಡಿ ಎರಡಕ್ಕ ಒಪ್ಪಿಸಿ ಬರ್ತಾರ.” ಸುಳ್ಳಲ್ಲ. ದೇವರೂ ಇದುವರೆಗೆ ಬೇಸರ ಮಾಡಿಕೊಂಡಿಲ್ಲ.

ಇಂಥವನು ರಾಕ್ ತಂಡದಲ್ಲಿ ಡ್ರಮ್ಮು ಬಾರಿಸುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ. ನನಗೆ ಸಿಟ್ಟು ಬರುವುದು ನಗುವಿಗಲ್ಲ, ಅದರ ಹಿಂದೆಯೇ ಬರುವ ಉಪದೇಶಕ್ಕೆ. “ಸಾವ್ಕಾರ್ರ, ಈ ವಯಸ್ಸಿನ್ಯಾಗ ಛಂದಾಗಿ ಭಜನಿ ಮಾಡೂದು ಬಿಟ್ಟು ಇದೇನ್ರಿ ಧಡಬಡ?” ಯಾಕ್ರೀ, ಭಜನೆಯವರು ತಾಳ ಕುಟ್ಟಿ ಓಣಿಯವರ ನಿದ್ದೆ ಕೆಡಿಸಿದರೆ ಅದು ಭಕ್ತಿ, ನಾನು ರವಿವಾರ ಮಧ್ಯಾಹ್ನ ನನ್ನದೇ ಗೋದಾಮಿನಲ್ಲಿ, ನನ್ನದೇ ಪೈಪುಗಳ ನಡುವೆ ಬಾಗಿಲು ಹಾಕಿಕೊಂಡು ಬಾರಿಸಿದರೆ ಅದು ಹುಚ್ಚೋ? ಐವತ್ತೇಳು ವರ್ಷದವನಿಗೆ ಮೊಣಕಾಲು ನೋಯಬಹುದು, ಸಕ್ಕರೆ ಬರಬಹುದು, ಮೊಮ್ಮಗ ಹುಟ್ಟಬಹುದು. ಡ್ರಮ್ಮು ಮಾತ್ರ ಬರಬಾರದು. ಕಾಲೇಜು ಹುಡುಗರು “ಅಂಕಲ್, ಸೂಪರ್” ಎಂದು ಹೆಬ್ಬೆರಳು ತೋರಿಸುವಾಗಲಂತೂ, ನಡೆಯಲು ಕಲಿತ ಕೂಸಿಗೆ ಚಪ್ಪಾಳೆ ತಟ್ಟಿದಂತಿರುತ್ತದೆ. ಮೈಯೆಲ್ಲ ಪರಚಿಕೊಳ್ಳುವಂತಾಗುತ್ತದೆ.

ನಮ್ಮ ತಂಡದ ಹೆಸರು ‘ಮಸಾರಿ’. ನಮ್ಮ ಕಡೆಯ ಕೆಂಪು ನೆಲಕ್ಕೆ ಹಾಗೆನ್ನುತ್ತೇವೆ. ನಾವು ನಾಲ್ಕು ಜನ, ನಾಲ್ವರ ವಯಸ್ಸು ಕೂಡಿಸಿದರೆ ಇನ್ನೂರಾ ಇಪ್ಪತ್ತಾರು. ನಾನು ಡ್ರಮ್ಮು. ಬೇಸ್ ಗಿಟಾರು ಖಾದರ್, ನನ್ನ ಅಂಗಡಿಯ ಪಕ್ಕದ ವೆಲ್ಡಿಂಗಿನವನು. ಹಾಡುವುದು ಸುಮಂಗಲಾ, ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರೋಗಿಗಳ ಸಂಬಂಧಿಕರನ್ನು ವಾರ್ಡಿನಿಂದ ಹೊರಗೆ ಹಾಕಿ ಹಾಕಿ ತಯಾರಾದ ಗಂಟಲು, ಮೈಕಿಲ್ಲದೆಯೂ ನಡೆಯುತ್ತದೆ. ನಾಲ್ಕನೆಯವರು, ನಿಜವಾಗಿ ನಮ್ಮೆಲ್ಲರ ಗುರು, ಶರಣಪ್ಪ ಮಾಸ್ತರರು. ಹನುಮಸಾಗರದವರು. ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದವರು. ಲೀಡ್ ಗಿಟಾರು. ಇಡೀ ಜೀವಮಾನ ಮಕ್ಕಳಿಗೆ ಹೂಕುಂಡ ಬರೆಯಲು ಕಲಿಸಿ, ಸಂಜೆ ಬಾಗಿಲು ಹಾಕಿಕೊಂಡು ಗಿಟಾರು ನುಡಿಸಿದ ಮನುಷ್ಯ. ಮಾತು ಕಡಿಮೆ, ಅದೂ ಕೇಳಿದರೆ ಮಾತ್ರ.

ಮಾಸ್ತರರು ತಾವೇ ಒಂದು ಕೃತಿ ಕಟ್ಟಿದ್ದರು. ಹೆಸರು ‘ಆರುನೂರು ಅಡಿ’. ಅವರ ಮನೆಯ ಹಿಂದಿನ ದಾಳಿಂಬೆ ತೋಟದಲ್ಲಿ ಬೋರು ಕೊರೆಯುವ ಗಾಡಿ ಎರಡು ದಿನ ಗರ್ಜಿಸಿತ್ತಂತೆ. ನಾವಾಗಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆವು. ಅವರು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡರು. ಎಂಟು ನಿಮಿಷದ ಗಿಟಾರು ಅದು. ಮೊದಲು ಬರೀ ಧೂಳು, ಮಣ್ಣು, ನಡುವೆ ಕಲ್ಲು ಹತ್ತಿ ತಂತಿ ಕಿರುಚುತ್ತದೆ, ಮತ್ತೆ ಧೂಳು, ತೋಟದವನು ಇನ್ನೇನು ಕೈಬಿಟ್ಟ ಎನ್ನುವಾಗ, ಏಳನೆಯ ನಿಮಿಷಕ್ಕೆ, ಆರುನೂರು ಅಡಿಗೆ, ನೀರು ಚಿಮ್ಮುತ್ತದೆ. ಗೋದಾಮಿನಲ್ಲಿ ಮೊದಲ ಸಲ ಆ ಜಾಗ ಬಂದಾಗ ಖಾದರ್ ಬೇಸ್ ನುಡಿಸುವುದನ್ನೇ ಮರೆತು ನಿಂತಿದ್ದ. ನಾನು ಪೈಪು ಮಾರುವವನು, ಎಷ್ಟೋ ಬೋರಿನಲ್ಲಿ ನೀರು ಬಿದ್ದದ್ದು ನೋಡಿದ್ದೇನೆ. ನನ್ನ ಕಣ್ಣು ಒದ್ದೆಯಾದದ್ದು ಆವತ್ತೇ.

ಅಷ್ಟರಲ್ಲಿ ಮಾಸ್ತರರ ಎಡಗೈ ಕೈಕೊಟ್ಟಿತು. ಬೆರಳು ಜೋಮು ಹಿಡಿಯಲು ಶುರುವಾಯಿತು. ಮುಂಗೈಯ ನರ ಒತ್ತಿಕೊಂಡಿದೆ, ಕೊಯ್ಯಬೇಕು, ತಡ ಮಾಡುವ ಹಾಗಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ತಾರೀಖು ಕೊಟ್ಟರು. “ಆಮ್ಯಾಲೆ ಗಿಟಾರ್ ನುಡಿಸ್ಲಿಕ್ಕೆ ಬರ್ತೈತೇನ್ರಿ?” ಎಂದು ಇವರು ಕೇಳಿದರೆ, “ಊಟ ಮಾಡ್ಲಿಕ್ಕೆ ಬರ್ತೈತಿ” ಎಂದರಂತೆ. ಮಾಸ್ತರರು ನಮ್ಮ ಮುಂದೆ ಇಷ್ಟೇ ಹೇಳಿದರು: “ಒಮ್ಮೆ, ಒಂದ ಸಲ, ಜನರ ಮುಂದ ಇದನ್ನ ಪೂರಾ ನುಡಿಸ್ಬೇಕು. ಆಮ್ಯಾಲ ಬೆರಳು ಇದ್ರೂ ಸರಿ, ಹೋದ್ರೂ ಸರಿ.” ನಾನು ಎದೆ ತಟ್ಟಿ ಹೇಳಿದೆ, “ಮಾಸ್ತರ್ರ, ಅದನ್ನ ನನಗ ಬಿಡ್ರಿ.” ಬಿಟ್ಟರು. ಅದೇ ಅವರು ಮಾಡಿದ ತಪ್ಪು.

ಗಂಗಾವತಿಯಲ್ಲಿ ಒಂದು ಊಟದ ಹೋಟೆಲಿನ ಮೇಲಿನ ಮಹಡಿಯಲ್ಲಿ ಸಣ್ಣ ಸಭಾಂಗಣವಿದೆ. ಹುಟ್ಟುಹಬ್ಬ, ನಿಶ್ಚಿತಾರ್ಥಗಳಿಗೆ ಕೊಡುತ್ತಾರೆ. ಮಾಲೀಕರು ರಾಯರು, ಕಾಲುವೆ ಸೀಮೆಗೆ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗು ಮನೆತನದವರು. ಸಂಜೆ ಐದರಿಂದ ಎಂಟರವರೆಗೆ ಆರು ಸಾವಿರ ಎಂದರು. ನಾನು ಎರಡು ಎಂದೆ. “ಈರಣ್ಣಗಾರು, ಕರೆಂಟ್ ಬಿಲ್ಲೇ ಆಗಂಗಿಲ್ಲಂಡಿ” ಎಂದು ಅವರು ಟೇಬಲ್ಲು ಒರೆಸತೊಡಗಿದರು. ವ್ಯಾಪಾರ ಮುರಿದು ಬೀಳುವ ಹೊತ್ತಿನಲ್ಲಿ ನನ್ನ ಬಾಯಿಂದ ತಾನಾಗಿಯೇ ಬಂತು, “ರಾವ್‌ಗಾರು, ನಿಮ್ಮನ್ನ ವೇದಿಕಿ ಮ್ಯಾಲೆ ಕರದು ಶಾಲು ಹೊದಿಸಿ ಸನ್ಮಾನ ಮಾಡ್ಬೇಕಂತ ನಮ್ಮ ತಂಡದ ಆಸೆ.” ಒರೆಸುವ ಬಟ್ಟೆ ಅಲ್ಲೇ ನಿಂತಿತು. “ನನಗಾ? ಎಂದುಕು, ಯಾಕೆ?” ಎಂದರು. “ಕಲೆಗೆ ನೀವು ಮಾಡಿದ ಸೇವಾಕ್ಕ” ಎಂದೆ. ಅವರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ, “ಎರಡು ಮಾತು ಆಡಕ್ಕೆ ಕೊಡ್ತೀರಾ?” ಎಂದರು. ಎರಡೇ ಮಾತಲ್ಲವೇ? ಕೊಟ್ಟೆ. ಸಭಾಂಗಣ ಪುಕ್ಕಟೆಯಾಯಿತು.

ಓದುಗರೇ, ಆ ಮೆಟ್ಟಿಲು ಇಳಿಯುವಾಗ ನಾನು ಹೊಸ ನಾಣ್ಯ ಟಂಕಿಸಿದ ರಾಜನಂತಿದ್ದೆ. ನೂರಾ ಹತ್ತು ರೂಪಾಯಿಯ ಶಾಲಿಗೆ ಆರು ಸಾವಿರದ ಮಾಲು! ಮೈಕ್‌ಸೆಟ್ಟಿನ ಹುಲಗಪ್ಪನಿಗೆ ಒಂದು ಸನ್ಮಾನ, ಮೈಕು ಸ್ಪೀಕರು ಬಂದವು. ಕುರ್ಚಿಯವನಿಗೆ ಒಂದು. ಬ್ಯಾನರು ಅಚ್ಚು ಹಾಕುವವನಿಗೆ ಒಂದು. ನೀರಿನ ಕ್ಯಾನಿನವನಿಗೆ, ಫೋಟೊದವನಿಗೆ, ಹಣ್ಣಿನ ಬುಟ್ಟಿಗೆ ದಾಳಿಂಬೆ ಕೊಟ್ಟ ನನ್ನ ಗಿರಾಕಿಗೆ. ನಿರೂಪಣೆಗೆ ಒಬ್ಬರು ಬೇಕಲ್ಲ, ಆತನಿಗೂ ಒಂದು. ಬ್ಯಾನರಿನವನು, “ಗಣ್ಯರ ಫೋಟೊ ಇಲ್ಲಂದ್ರ ಬ್ಯಾನರ್ ಬೋಳು ಕಾಣ್ತೈತ್ರಿ” ಎಂದ; ಮೂವರು ಗಣ್ಯರು ಸೇರಿದರು. ಕುರ್ಚಿಯವನು ತನ್ನ ಮಾವನನ್ನು ಸೇರಿಸಿದ. ಅದನ್ನು ನೋಡಿ ಫೋಟೊದವನು, ನೀರಿನವನು ತಮ್ಮ ಕಡೆಯ ಒಬ್ಬೊಬ್ಬರನ್ನು ಸೇರಿಸಿದರು. ಹಾಗೆ ಪಟ್ಟಿ ಹದಿನಾಲ್ಕಕ್ಕೆ ಏರಿತು. ಕೊಪ್ಪಳದ ಅಂಗಡಿಯಲ್ಲಿ ಹದಿನಾಲ್ಕು ಶಾಲು ಕೊಳ್ಳುವಾಗ ಅರ್ಧ ತಾಸು ಜಗ್ಗಾಡಿ ಹದಿನೈದನೆಯದನ್ನು ಪುಕ್ಕಟೆ ಹಾಕಿಸಿಕೊಂಡೆ. ಶಾಲು ಬಂದ ಮೇಲೆ ಸುಮ್ಮನೆ ಕೊಳೆಸಬಾರದಲ್ಲ? ಪಟ್ಟಿಯ ಕೊನೆಗೆ ನನ್ನ ಹೆಸರು ಬರೆದೆ. ಸುಮಂಗಲಾ ಪಟ್ಟಿ ನೋಡಿ, “ಈರಣ್ಣಾರ, ಇದರಾಗ ನಾವು ಹಾಡೂದು ಎಲ್ಲೈತ್ರಿ?” ಎಂದರು. “ಸನ್ಮಾನ ಒಂದೊಂದು ಎರಡು ನಿಮಿಷ. ಮೂವತ್ತು ನಿಮಿಷದಾಗ ಮುಗೀತು. ಉಳಿದ ಎರಡೂವರಿ ತಾಸು ನಮ್ದ” ಎಂದು ಲೆಕ್ಕ ಒಪ್ಪಿಸಿದೆ. ಲೆಕ್ಕದಲ್ಲಿ ನಾನು ಎಂದೂ ತಪ್ಪಿದವನಲ್ಲ. ಮನುಷ್ಯರಲ್ಲಿ ತಪ್ಪುತ್ತೇನೆ.

ಐದಕ್ಕೆ ಶುರುವಾಗಬೇಕಾದ್ದು ಐದೂ ಮುಕ್ಕಾಲಿಗೆ ಶುರುವಾಯಿತು, ಯಾಕೆಂದರೆ ಗಣ್ಯರಲ್ಲಿ ಒಬ್ಬರು ಬಂದಿರಲಿಲ್ಲ. ಬಂದಿದ್ದ ಇಬ್ಬರು ಅವರು ಬರುವ ತನಕ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ. ದೀಪಕ್ಕೆ ಬತ್ತಿ ಇತ್ತು, ಎಣ್ಣೆ ಇತ್ತು, ಕಡ್ಡಿಪೆಟ್ಟಿಗೆ ಇರಲಿಲ್ಲ. ನಾವು ನಾಲ್ವರೂ ವಾದ್ಯಗಳ ಜೊತೆ ವೇದಿಕೆಯ ಹಿಂಭಾಗದಲ್ಲಿ, ಬ್ಯಾನರಿಗೆ ಒತ್ತಿಕೊಂಡು, ಮದುವೆ ಮನೆಯಲ್ಲಿ ಊಟಕ್ಕೆ ಕಾಯುವವರ ಹಾಗೆ ನಿಂತಿದ್ದೆವು. ರಾಯರಿಗೆ ಶಾಲು ಹೊದಿಸಿದ್ದಾಯಿತು. ಫೋಟೊದವನು, “ಸರ್, ಇನ್ನೊಮ್ಮೆ ಹೊದಸ್ರಿ, ಕಣ್ಣು ಮುಚ್ಯಾರ” ಎಂದ. ತೆಗೆದು ಮತ್ತೆ ಹೊದಿಸಿದರು. ಆಮೇಲೆ ರಾಯರು ಎರಡು ಮಾತು ಆಡಿದರು. ಮೊದಲನೆಯದು ಅವರ ಅಜ್ಜ ಕಾಲುವೆ ಸೀಮೆಗೆ ಬಂದು ನೆಲೆಸಿದ್ದು. ಎರಡನೆಯದು ಅಲ್ಲಿಂದ ಇಲ್ಲಿಯವರೆಗೆ.

ನಮ್ಮ ಸೀಮೆಯಲ್ಲಿ ‘ಎರಡು ಮಾತು’ ಎಂಬುದಕ್ಕೆ ಅಳತೆ ಇಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಐವತ್ತೇಳು ವರ್ಷ ಇದೇ ನೆಲದಲ್ಲಿ ಕುರ್ಚಿ ಸವೆಸಿದ್ದೇನೆ. ಶಾಲು ಹೆಗಲಿಗೆ ಬಿದ್ದ ಕೂಡಲೇ ಮನುಷ್ಯನ ಗಂಟಲಲ್ಲಿ ಏನೋ ಸಡಿಲವಾಗುತ್ತದೆ. ಮನೆಯಲ್ಲಿ “ಹೂಂ” ಬಿಟ್ಟು ಇನ್ನೊಂದು ಮಾತಾಡದ ನೀರಿನ ಕ್ಯಾನಿನವನು ಪಂಚಭೂತಗಳ ಬಗ್ಗೆ ಮಾತಾಡಿದ. ಮೈಕ್‌ಸೆಟ್ಟಿನ ಹುಲಗಪ್ಪ, ಜೀವಮಾನವೆಲ್ಲ “ಹಲೋ, ಮೈಕ್ ಟೆಸ್ಟಿಂಗ್” ಎಂದವನು, ಮೈಕು ಸಮಾಜವನ್ನು ಹೇಗೆ ತಿದ್ದುತ್ತದೆ ಎಂದು ಹದಿಮೂರು ನಿಮಿಷ ವಿವರಿಸಿದ. ಗಣ್ಯರೊಬ್ಬರು ಇಂದಿನ ಯುವಕರು ಪಾಶ್ಚಾತ್ಯ ಸಂಗೀತಕ್ಕೆ ಮರುಳಾಗಿ ಹಾಳಾಗುತ್ತಿದ್ದಾರೆ ಎಂದು ಕಳವಳಪಟ್ಟರು. ಅವರ ಹಿಂದೆ ಅರವತ್ತೊಂದು ವರ್ಷದ ಯುವಕ ಗಿಟಾರು ಹಿಡಿದು ನಿಂತಿದ್ದ. ತಮ್ಮ ಮನುಷ್ಯನ ಸನ್ಮಾನ ಮುಗಿದದ್ದೇ ಅವರವರ ಮನೆಯವರು ಹಣ್ಣಿನ ಬುಟ್ಟಿ ಎತ್ತಿಕೊಂಡು ಹೊರಟರು. ಪ್ರತಿ ಭಾಷಣಕ್ಕೂ ಒಂದೊಂದು ಸಾಲು ಕುರ್ಚಿ ಖಾಲಿಯಾಗುತ್ತ ಬಂತು.

ಎಂಟನೆಯ ಸನ್ಮಾನ ಆದ ಮೇಲೆ ಸುಮಂಗಲಾ ತಾಳ್ಮೆ ಕಳೆದುಕೊಂಡರು. ನಿರೂಪಕನ ಕೈಯಿಂದ ಮೈಕು ಕಿತ್ತು, “ಸರೀರಿ ಆಕಡೆ” ಎಂದು ವಾರ್ಡಿನ ಗಂಟಲಿನಲ್ಲಿ ಗದರಿ, ಹಾಡು ಶುರು ಮಾಡಿಯೇ ಬಿಟ್ಟರು. ಐದು ನಿಮಿಷ. ಏನು ಹಾಡಿದರು ಅಂತೀರಿ! ಕೆಳಗೆ ಹೋಟೆಲಿನಲ್ಲಿ ಊಟ ಮಾಡುತ್ತಿದ್ದವರು ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿ ಬಂದರು. ಹಾಡು ಮುಗಿದಾಗ ನಿರೂಪಕ ಮೈಕು ವಾಪಸು ತೆಗೆದುಕೊಂಡು, “ಸೊಗಸಾದ ಗಾಯನ. ಈಗ ಕಾರ್ಯಕ್ರಮಕ್ಕೆ ಬರೋಣ” ಎಂದ. ನನಗೆ ಆ ಕ್ಷಣ ಡ್ರಮ್ಮು ಎತ್ತಿ ಅವನ ತಲೆಗೆ ತೊಡಿಸಬೇಕು ಎನ್ನಿಸಿತು. ಆದರೆ ಅವನೂ ಪಟ್ಟಿಯಲ್ಲಿದ್ದ. ಹನ್ನೊಂದನೆಯವನು.

ಏಳೂ ನಲವತ್ತೈದಕ್ಕೆ ಹದಿನಾಲ್ಕನೆಯ ಶಾಲು ಮುಗಿಯಿತು. ಎಂಟಕ್ಕೆ ಅಲ್ಲಿ ಒಂದು ನಿಶ್ಚಿತಾರ್ಥದ ಊಟ. ಆ ಮನೆಯವರು ಆಗಲೇ ಬಾಗಿಲಲ್ಲಿ ರೇಷ್ಮೆ ಸೀರೆ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಹದಿನೈದು ನಿಮಿಷ ಉಳಿದಿತ್ತು. ಮಾಸ್ತರರ ಕೃತಿ ಎಂಟು ನಿಮಿಷ. ನಾನು ಅವರ ಮುಖ ನೋಡಿದೆ. ಎರಡು ತಾಸು ನಿಂತೇ ಇದ್ದರು, ಎಡಗೈ ಬೆರಳನ್ನು ಬಲಗೈಯಿಂದ ತಿಕ್ಕಿ ತಿಕ್ಕಿ ಬೆಚ್ಚಗಿಟ್ಟುಕೊಂಡಿದ್ದರು. ತಂತಿ ಸರಿಮಾಡಿಕೊಂಡು, ಶುರು ಮಾಡೋಣ ಎಂದು ನನಗೆ ತಲೆಯಾಡಿಸಿದರು. ನಾನು ಡ್ರಮ್ಮಿನ ಹಿಂದೆ ಕೂತು ಕೋಲು ಎತ್ತಿದೆ. ಅಷ್ಟರಲ್ಲಿ ಆ ನಿರೂಪಕ, “ಕೊನೆಯದಾಗಿ, ಈ ಎಲ್ಲ ಕಾರ್ಯದ ರೂವಾರಿ...” ಎಂದು ನನ್ನ ಹೆಸರು ಕೂಗಿದ. ನಾನು ಎದ್ದೆ. ದೇವರಾಣೆ ಹೇಳುತ್ತೇನೆ, ಎದ್ದದ್ದು ಬೇಡ ಎನ್ನಲಿಕ್ಕೇ. ಶಾಲು ಬೇಡ, ಹಾರ ಬೇಡ, ಮಾಸ್ತರರು ನುಡಿಸಲಿ ಎಂದು ಹೇಳಿ ಕೂತುಬಿಡಬೇಕು ಎಂದೇ ಕೋಲು ಕೆಳಗಿಟ್ಟು ಮುಂದೆ ಬಂದೆ. ಅರ್ಧ ನಿಮಿಷದ ಕೆಲಸ.

ಮೈಕು ಕೈಗೆ ಬಂತು. “ಸನ್ಮಾನ ಬೇಡ” ಎಂದೆ. ಚಪ್ಪಾಳೆ ಬಿತ್ತು. ಆ ಸಂಜೆ ಭಾಷಣಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು. “ಈ ಭಾಷಣಗಳಿಂದ ನಮ್ಮ ನಾಡಿನಲ್ಲಿ ಕಲೆ ಸಾಯುತ್ತಿದೆ” ಎಂದೆ. ಇನ್ನೂ ದೊಡ್ಡ ಚಪ್ಪಾಳೆ. ಎರಡು ತಾಸಿನಿಂದ ತಡೆದಿಟ್ಟುಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ಬಾಯಿಗೆ ಬಂತು ನೋಡಿ. ಶಾಲು ಹೊದ್ದವನು ಸುಮ್ಮನಿರಬೇಕು ಎಂದೆ. ಎರಡು ಮಾತು ಎಂದರೆ ಎರಡೇ ಇರಬೇಕು ಎಂದೆ. ಸೈಕಲ್ಲಿನ ಕಥೆ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಆ ಹೊತ್ತಿಗೆ ಬಹಳ ಪ್ರಸ್ತುತ ಎನ್ನಿಸಿತ್ತು. ಸಮಯದ ಬೆಲೆಯ ಬಗ್ಗೆ ಮಾತಾಡಿದೆ. ಹಿಂದಿನಿಂದ ಖಾದರ್ ಕೆಮ್ಮಿದ. ಮತ್ತೆ ಕೆಮ್ಮಿದ. ಕೊನೆಗೆ ಅಂಗಿ ಹಿಡಿದು ಜಗ್ಗಿ, “ಯಾರ್, ಬಸ್ ಮಾಡಪಾ, ಹನ್ನೆರಡು ನಿಮಿಷ ಆತು” ಎಂದ.

ಉಳಿದದ್ದು ಮೂರು ನಿಮಿಷ. ಮಾಸ್ತರರು ಶುರು ಮಾಡಿದರು. ಧೂಳು ಎದ್ದಿತು. ಮಣ್ಣು ಕೊರೆಯಿತು. ಬಾಗಿಲಲ್ಲಿ ನಿಂತಿದ್ದ ರೇಷ್ಮೆ ಸೀರೆಯವರೂ ಮಾತು ನಿಲ್ಲಿಸಿದರು. ಗಿಟಾರು ಕಲ್ಲು ಮುಟ್ಟುವ ಹೊತ್ತಿಗೆ ಸರಿಯಾಗಿ ಹುಲಗಪ್ಪ ಬಟನ್ ಒತ್ತಿದ. ಸ್ಪೀಕರು ಸತ್ತವು. ಮಾಸ್ತರರ ಬೆರಳು ಇನ್ನೂ ಸ್ವಲ್ಪ ದೂರ ಓಡಿದವು; ಬರೀ ತಂತಿಯ ಟಿಣ್ ಟಿಣ್ ಸದ್ದು, ನಮಗೆ ಮೂವರಿಗಷ್ಟೇ ಕೇಳಿಸುವಷ್ಟು. ನಾನು ಡ್ರಮ್ಮು ಬಿಟ್ಟು ಹಾರಿ ಹೋದೆ. “ಐದು ನಿಮಿಷ ತಡಿಯೋ ಹುಲಗಪ್ಪ! ಕಾಲಿಗೆ ಬೀಳ್ತೀನಿ!” ಅವನು ಆಗಲೇ ವೈರು ಸುತ್ತುತ್ತಿದ್ದ. ಮೇಲೆ ನಮ್ಮದೇ ಶಾಲು. “ಸಾವ್ಕಾರ್ರ, ಎಂಟೂವರಿಗೆ ಬ್ಯಾರೆ ಕಡೆ ಬಾಡಿಗಿ ಐತ್ರಿ. ನೀವು ರೊಕ್ಕ ಕೊಟ್ಟಿದ್ರ ನಿಂದರ್ತಿದ್ದೆ. ಶಾಲಿಗೆ ಎಂಟರ ತನಕ.”

ಮಾಸ್ತರರು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬೈಯಲಿ ಎಂದು ಕಾದೆ. “ಈರಣ್ಣ, ಎಷ್ಟು ಅಡಿ ಆಗಿತ್ತು?” ಎಂದು ಕೇಳಿದರು. “ಇನ್ನೂರು ಆಗಿತ್ತೇನೋ ಮಾಸ್ತರ್ರ” ಎಂದೆ. ಚೀಲದ ಜಿಪ್ಪು ಎಳೆದು, “ಇನ್ನೂರಕ್ಕ ನಮ್ಮ ಕಡೆ ಎಲ್ಲಿ ನೀರು ಬೀಳ್ತೈತಿ” ಎಂದು ಕೆಳಗಿಳಿದು ಹೋದರು. ಬೈದಿದ್ದರೆ ಒಂದಿಷ್ಟು ಚೌಕಾಸಿ ಮಾಡಬಹುದಿತ್ತು.

ಮುಂದಿನ ವಾರ ಕೈ ಕೊಯ್ಯಿಸಿಕೊಂಡರು. ಮೂರು ಬೆರಳು ಮೊದಲಿನಂತೆ ಆಡುತ್ತವೆ, ಕಿರುಬೆರಳು ಏಳುವುದಿಲ್ಲ. ಆ ಬೆರಳಿನ ಕೆಲಸ ಉಳಿದ ಮೂರಕ್ಕೆ ಹಂಚಿ ಇಡೀ ಕೃತಿಯನ್ನು ಮತ್ತೆ ಕಟ್ಟುತ್ತಿದ್ದಾರೆ. “ಈಗ ಒಂಬತ್ತು ನಿಮಿಷ ಆಗ್ತೈತಿ, ಕಲ್ಲು ಗಟ್ಟಿ ಹತ್ತೈತಿ” ಎನ್ನುತ್ತಾರೆ. ಮೊನ್ನೆ ನಾನೊಬ್ಬನೇ ಗಂಗಾವತಿಗೆ ಹೋಗಿ, ಮಾಸ್ತರರ ಕೃತಿಗಾಗಿ ಇನ್ನೊಂದು ಸಂಜೆಗೆ ಸಭಾಂಗಣ ಕೇಳಿದೆ. ರಾಯರು ಆರು ಸಾವಿರ ಎಂದರು. ಎಣಿಸಿ ಕೊಟ್ಟೆ. ಅವರು ಹಣ ಮುಟ್ಟದೆ ನನ್ನ ಮುಖವನ್ನೇ ನೋಡಿ, “ಏನಂಡಿ ಈರಣ್ಣಗಾರು, ಮೈಯಾಗ ಆರಾಮ ಇಲ್ವಾ? ನೀರು ತರಿಸ್ಲಾ?” ಎಂದರು. ಹುಲಗಪ್ಪನಿಗೂ ಅವನು ಕೇಳಿದಷ್ಟೇ ಮುಂಗಡ ಕೊಟ್ಟೆ. ಮನೆಗೆ ಬಂದು ಹೇಳಿದರೆ ಹೆಂಡತಿ ಹಣೆ ಮುಟ್ಟಿ ನೋಡಿದಳು.

ನೀವೂ ನಾಳೆ ಇಂಥ ಸಾಹಸಕ್ಕೆ ಇಳಿಯಬಹುದು. ವಯಸ್ಸಾದವರ ತಂಡಗಳು ಈಗ ಅಲ್ಲಲ್ಲಿ ತಲೆ ಎತ್ತುತ್ತಿವೆ. ಅದಕ್ಕಾಗಿ ಹೇಳುತ್ತೇನೆ, ಕೇಳಿ. ಸಭಾಂಗಣವನ್ನು ಬೇಕಾದ್ದಕ್ಕಿಂತ ಒಂದು ತಾಸು ಹೆಚ್ಚಿಗೆ ಹಿಡಿಯಿರಿ. ಮೈಕ್‌ಸೆಟ್ಟಿನವನಿಗೆ ರೊಕ್ಕ ಕೊಟ್ಟು, ಎಷ್ಟು ಗಂಟೆಯವರೆಗೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ತಂಡದಲ್ಲಿ ಯಾರ ಕೈ ನೋಯುತ್ತಿದೆಯೋ ಅವರು ಮೊದಲು ನುಡಿಸಲಿ. ದೀಪ, ಪ್ರಾರ್ಥನೆ, ಗಣ್ಯರು ಆಮೇಲೆ ಬಂದರೂ ಯಾರೂ ಕೆಡುವುದಿಲ್ಲ. ಇಷ್ಟೆಲ್ಲ ಮಾಡಿಯೂ ನಿಮ್ಮ ತಂಡದಲ್ಲಿ ನನ್ನಂಥ ಬುದ್ಧಿವಂತ ಒಬ್ಬ ಇದ್ದರೆ, ಅವನನ್ನು ತಂಡದಿಂದ ತೆಗೆಯಬೇಡಿ, ಅಂಥವರು ವಾದ್ಯ ಹೊರಲಿಕ್ಕೆ ಬೇಕಾಗುತ್ತಾರೆ. ಡ್ರಮ್ಮಿನ ಹಿಂದೆ ಕೂರಿಸಿ, ಎರಡೂ ಕೈಗೆ ಕೋಲು ಕೊಟ್ಟು, ಕೊನೆಯ ಹಾಡು ಮುಗಿಯುವವರೆಗೆ ಕೆಳಗಿಡಲು ಬಿಡಬೇಡಿ. ಎರಡೂ ಕೈಯಲ್ಲಿ ಕೋಲು ಇರುವವನು ಮೈಕು ಹಿಡಿಯಲಾರ.